ಲಿಮೋಜ್‌ನಿಂದ ಆಲ್ಸ್ಟ್‌ಗೆ ಎಂಟು ಗಂಟೆ ನಾಲ್ಕು ನಿಮಿಷ

ಫ್ರಾನ್ಸಿನ ಲಿಮೋಜ್ ಪಟ್ಟಣದ ರೈಲು ನಿಲ್ದಾಣದ ಹಿಂದಿನ ಬಯಲಿನಿಂದ ಆಲ್ಸ್ಟ್‌ನಲ್ಲಿದ್ದ ನಮ್ಮ ಪಾರಿವಾಳದ ಗೂಡಿಗೆ ಆರು ಲಕ್ಷದ ಮೂರು ಸಾವಿರದ ಎಂಟುನೂರ ನಲವತ್ತೆರಡು ಮೀಟರು. ಇದು ರಸ್ತೆಯ ಲೆಕ್ಕವಲ್ಲ, ಹಕ್ಕಿಯ ಲೆಕ್ಕ. ದಾರ ಬಿಗಿದು ಕಟ್ಟಿದ ಹಾಗೆ ನೇರ. ಸರ್ವೆಯವನು ಅಳೆದು, ಕ್ಲಬ್ಬಿನ ಮೊಹರು ಒತ್ತಿ ಕೊಟ್ಟ ಚೀಟಿ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಶಿಲುಬೆಯ ಕೆಳಗೆ ಅಂಟಿಸಿತ್ತು. ನನ್ನ ಗಂಡ ಓಡಿಲೋನ್‌ಗೆ ಮದುವೆಯಾದ ತಾರೀಖು ಮರೆತುಹೋಗುತ್ತಿತ್ತು. ಈ ಅಂಕಿ ಮರೆಯುತ್ತಿರಲಿಲ್ಲ.

ಅವನು ದಾರದ ಗಿರಣಿಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಹದಿಮೂರನೇ ವಯಸ್ಸಿಗೆ ಒಳಗೆ ಹೋದವನು ಐವತ್ತೈದಕ್ಕೆ ಹೊರಗೆ ಬಂದ. ಕುಡಿಯುತ್ತಿರಲಿಲ್ಲ ಎನ್ನುವ ಹಾಗಿಲ್ಲ, ಭಾನುವಾರ ಎರಡು ಲೋಟ ಬಿಯರು. ಮಾತು ಕಡಿಮೆ. ಕೈಯಲ್ಲಿ ಹಕ್ಕಿ ಹಿಡಿದಾಗ ಮಾತ್ರ ಬೇರೆಯೇ ಮನುಷ್ಯ. ಅದರ ರೆಕ್ಕೆ ಬಿಡಿಸಿ ಒಂದೊಂದು ಗರಿಯನ್ನೂ ಊದಿ ನೋಡುತ್ತಾ, ನನ್ನೊಂದಿಗೆ ಒಂದು ವಾರದಲ್ಲಿ ಆಡದಷ್ಟು ಮಾತನ್ನು ಅದರೊಂದಿಗೆ ಆಡುತ್ತಿದ್ದ.

ನನ್ನನ್ನು ಮದುವೆಗೆ ಕೇಳಿದ್ದೂ ಹಕ್ಕಿಯ ಮೂಲಕವೇ. ನಮ್ಮ ತವರು ಹನ್ನೊಂದು ಕಿಲೋಮೀಟರು ಆಚೆ. ಒಂದು ಸಂತೆಯ ದಿನ ಸೈಕಲ್ಲಿನಲ್ಲಿ ಬಂದು ಬುಟ್ಟಿಯೊಂದನ್ನು ಬಾಗಿಲಲ್ಲಿಟ್ಟ.

"ಒಳಗೊಂದು ಹಕ್ಕಿ ಐತೆ. ಒಪ್ಪಿಗೆ ಇದ್ರೆ ನಾಳೆ ಹತ್ತು ಗಂಟೆಗೆ ಬಿಡು. ಇಲ್ದಿದ್ರೆ ಹಂಗೇ ಇಟ್ಟಿರು, ಬುಧವಾರ ಬಂದು ಬುಟ್ಟಿ ತಗೊಂಡು ಹೋಗ್ತೀನಿ."

"ಕಾಳು ಎಷ್ಟು ಹಾಕ್ಬೇಕು?" ಎಂದು ಕೇಳಿದೆ. ಬೇರೇನು ಕೇಳಬೇಕೆಂದು ತೋಚಲಿಲ್ಲ.

"ಬಿಡೋದಾದ್ರೆ ಹಾಕ್ಬೇಡ. ಹೊಟ್ಟೆ ತುಂಬಿದ್ರೆ ನಿಧಾನ ಆಗುತ್ತೆ."

ಚರ್ಚಿನ ಗಂಟೆ ಹತ್ತು ಹೊಡೆದಾಗ ಬಿಟ್ಟೆ. ಹನ್ನೊಂದು ನಿಮಿಷಕ್ಕೆ ತಲುಪಿತಂತೆ. ಎದುರುಗಾಳಿ ಇಲ್ಲದಿದ್ದರೆ ಒಂಬತ್ತಾಗುತ್ತಿತ್ತು ಎಂದು ಮದುವೆಯ ದಿನ ನನಗೆ ಹೇಳಿದ.

ನಮ್ಮ ಬೀದಿಯ ಕ್ಲಬ್ಬಿನಲ್ಲಿ ಇಪ್ಪತ್ತಮೂರು ಜನ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರವೂ ಹಕ್ಕಿಗಳನ್ನು ಬುಟ್ಟಿಗೆ ತುಂಬಿ ರೈಲಿನಲ್ಲಿ ಫ್ರಾನ್ಸಿಗೆ ಕಳಿಸುತ್ತಿದ್ದರು. ಕಳಿಸುವ ಮುನ್ನ ಪ್ರತಿ ಹಕ್ಕಿಯ ಒಂದು ಕಾಲಿಗೆ ಅಂಕಿ ಇರುವ ರಬ್ಬರ್ ಬಳೆ ತೊಡಿಸುತ್ತಾರೆ. ಹಕ್ಕಿ ಮನೆಗೆ ಬಂದೊಡನೆ ಆ ಬಳೆ ಕಳಚಿ, ಮೊಹರು ಮಾಡಿದ ಗಡಿಯಾರದೊಳಗೆ ಹಾಕಿ ಹಿಡಿ ತಿರುಗಿಸಿದರೆ ಕಾಗದದ ಮೇಲೆ ಸಮಯ ಒತ್ತಿಕೊಳ್ಳುತ್ತದೆ. ಒಬ್ಬೊಬ್ಬರ ಗೂಡಿಗೆ ಒಂದೊಂದು ದೂರ. ಆದ್ದರಿಂದ ಮೊದಲು ಬಂದದ್ದು ಗೆದ್ದಿತು ಎಂದಲ್ಲ. ಹಾರಿದ ಮೀಟರನ್ನು ಹಾರಿದ ನಿಮಿಷದಿಂದ ಭಾಗಿಸಬೇಕು. ನನಗೆ ಅಕ್ಷರ ಅಷ್ಟಕ್ಕಷ್ಟೇ. ಈ ಭಾಗಾಕಾರ ಮಾತ್ರ ಚೆನ್ನಾಗಿ ಬರುತ್ತದೆ.

ನಮಗೆ ಗಡಿಯಾರ ಇರಲಿಲ್ಲ. ಕಲ್ಲಿದ್ದಲು ಮಾರುವ ಪ್ರುಡೆಂಟ್‌ಗೆ ಇತ್ತು. ಅವನ ಮನೆ ಬೀದಿಯ ಕೊನೆಯಲ್ಲಿ. ಇವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಸೈನ್ಯಕ್ಕೂ ಒಟ್ಟಿಗೇ ಹೋಗಿ ಬಂದವರು. ಪ್ರುಡೆಂಟನ ಮಗಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವನು ಓಡಿಲೋನ್. "ನನ್ನ ಗಡಿಯಾರ ನಿನ್ನ ಗಡಿಯಾರ ಕಣೋ" ಎಂದು ಅವನು ಹೇಳಿ ಇಪ್ಪತ್ತೈದು ವರ್ಷವಾಗಿತ್ತು. ಹಕ್ಕಿ ನಮ್ಮ ಮನೆಗೆ ಬಂದರೆ ಬಳೆ ಹಿಡಿದು ಅಲ್ಲಿಗೆ ಓಡಬೇಕು. ಓಟಕ್ಕೆಂದು ಕ್ಲಬ್ಬಿನವರು ನಮ್ಮ ಸಮಯದಲ್ಲಿ ಎರಡು ನಿಮಿಷ ಕಳೆದುಕೊಡುತ್ತಿದ್ದರು. ಕಾರ್ಯದರ್ಶಿ ಕಮೀಲ್ ತಾನೇ ಸರಪಳಿ ಹಿಡಿದು ಅಳೆದು ಗೊತ್ತು ಮಾಡಿದ್ದು.

ಮೊದಲು ಓಡಿಲೋನ್‌ನೇ ಓಡುತ್ತಿದ್ದ. ಅವನ ಎದೆ ಕೆಟ್ಟ ಮೇಲೆ ನಾನು ಓಡತೊಡಗಿದೆ. ನನಗಾಗ ಐವತ್ತೊಂದು, ಮೈ ಭಾರ. ಆದರೆ ಎರಡು ನಿಮಿಷಕ್ಕಿಂತ ಹೆಚ್ಚು ಒಂದು ಸಲವೂ ತೆಗೆದುಕೊಂಡವಳಲ್ಲ. ಮರದ ಚಪ್ಪಲಿ ಬಿಟ್ಟು ಬರಿ ಕಾಲುಚೀಲದಲ್ಲಿ ಓಡುತ್ತಿದ್ದೆ.

ಐವತ್ತಾರನೇ ಇಸವಿಯ ವಸಂತದಲ್ಲಿ ಡಾಕ್ಟರು ಅವನ ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು.

"ಇದು ಕಲ್ಲಿದ್ದಲಲ್ಲ ಓಡಿಲೋನ್. ಗೂಡಿನ ಧೂಳು. ಹಕ್ಕಿ ಇರ್ಬೇಕು, ಇಲ್ಲಾ ನೀನಿರ್ಬೇಕು. ಎರಡೂ ಅಂದ್ರೆ ಆಗಲ್ಲ."

"ಯಾವಾಗಿಂದ?"

"ಇವತ್ತಿಂದ."

"ಸಂತರ ಹಬ್ಬದ ತನಕ ಬಿಡಿ ಡಾಕ್ಟ್ರೆ. ಲಿಮೋಜ್ ಒಂದು ಮುಗೀಲಿ."

ಲಿಮೋಜ್ ಎಂದರೆ ವರ್ಷಕ್ಕೊಂದು ಸಲ, ಜುಲೈನಲ್ಲಿ. ನಮ್ಮ ಕ್ಲಬ್ಬಿಗೆ ಅದಕ್ಕಿಂತ ದೊಡ್ಡ ಹಾರಾಟವಿಲ್ಲ. ಗೆದ್ದವನ ಹೆಸರನ್ನು ಕಮೀಲನ ಕಾಫಿ ಅಂಗಡಿಯಲ್ಲಿ, ಗಲ್ಲಾದ ಮೇಲಿನ ಓಕ್ ಹಲಗೆಯಲ್ಲಿ ಕೆತ್ತುತ್ತಾರೆ. ಮೂವತ್ತೆರಡು ವರ್ಷ ಹಕ್ಕಿ ಸಾಕಿದ ಓಡಿಲೋನ್ ಎರಡನೆಯವನಾಗಿದ್ದಾನೆ, ಮೂರನೆಯವನಾಗಿದ್ದಾನೆ. ಹಲಗೆಯ ಮೇಲೆ ಮೊದಲನೆಯವನ ಹೆಸರು ಮಾತ್ರ. ಹಕ್ಕಿ ಸಾಕುವುದು ನಿಲ್ಲಿಸುವ ಮೊದಲು ಅಲ್ಲೊಂದು ಸಾಲು ಬೇಕು ಎನ್ನುವುದನ್ನು ಬಿಟ್ಟರೆ ಆ ವರ್ಷ ಅವನಿಗೆ ಬೇರೇನೂ ಬೇಕಿರಲಿಲ್ಲ.

ಹಕ್ಕಿಗಳ ಗತಿ ಏನು ಎನ್ನುವುದೂ ಇತ್ತು. ಬೇರೆಯವರ ಗೂಡಿನಲ್ಲಿ ಬೆಳೆದ ಪಾರಿವಾಳವನ್ನು ಯಾರೂ ಕೊಳ್ಳುವುದಿಲ್ಲ. ಬಿಟ್ಟರೆ ಹಳೆಯ ಮನೆಗೇ ಹಾರಿಬರುತ್ತದೆ, ಬಿಡದಿದ್ದರೆ ಸುಮ್ಮನೆ ಕಾಳು ದಂಡ. ಸಾಮಾನ್ಯವಾಗಿ ಕತ್ತು ತಿರುಚುತ್ತಾರೆ. ಪ್ರುಡೆಂಟ್ ಒಬ್ಬನೇ ಮುಂದೆ ಬಂದ.

"ಹತ್ತೊಂಬತ್ತನ್ನೂ ನಾನು ಇಟ್ಕೋತೀನಿ. ಒಂದರ ಕತ್ತಿಗೂ ಕೈ ಹಾಕಲ್ಲ. ಜಾಲರಿ ಕಟ್ಟಿ ಮರಿ ಮಾಡಿಸ್ತೀನಿ, ಸಾಯೋ ತನಕ ತಿಂದ್ಕೊಂಡಿರ್ಲಿ. ಸಾಕಾ?"

ಓಡಿಲೋನ್ ಅವನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಆ ಸಲ ನಾವು ಕಳಿಸಿದ್ದು ಒಂದೇ ಹಕ್ಕಿ. ಬೂದು ನೀಲಿ ಮೈ, ಕುತ್ತಿಗೆಯ ಸುತ್ತ ಬಿಳಿ ಪಟ್ಟಿ, ಅದಕ್ಕೇ ಪಾದ್ರಿ ಎಂದು ಹೆಸರು. ವಾರವಿಡೀ ಅದನ್ನು ಜೋಡಿಯಿಂದ ಬೇರೆ ಇಟ್ಟು, ಬುಟ್ಟಿಗೆ ಹಾಕುವ ಮುಂಚೆ ಐದು ನಿಮಿಷ ಹೆಣ್ಣಿನ ಮುಖ ತೋರಿಸಿದ. ಅಂಥ ಗಂಡು ದಾರಿಯಲ್ಲಿ ನೀರಿಗೂ ಇಳಿಯುವುದಿಲ್ಲ.

ಭಾನುವಾರ ಮೊದಲ ಪೂಜೆಗೆ ಹೋಗಿ ಬಂದೆವು. ರೇಡಿಯೋದಲ್ಲಿ ಹೇಳಿದರು: ಲಿಮೋಜ್, ಆರೂವರೆಗೆ ಬಿಟ್ಟಿದ್ದಾರೆ, ಆಕಾಶ ಶುಭ್ರ. ಮಾಂಸದ ಸಾರು ಮಾಡಿದ್ದೆ, ಅವನು ಮುಟ್ಟಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ದಕ್ಷಿಣಕ್ಕೆ ಮುಖ ಮಾಡಿ ಕೂತ. ಎರಡು ಗಂಟೆಯ ಮೇಲೆ ನಮ್ಮ ಬೀದಿಯಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಯಾರ ಮಾಡಿನ ಮೇಲಾದರೂ ಹಕ್ಕಿ ಇಳಿದಿದ್ದರೆ ಆ ಮನೆಯವನು ಕೈ ಎತ್ತುತ್ತಾನೆ. ಕೈ ಎತ್ತಿದರೆ ಎಲ್ಲಿದ್ದವರು ಅಲ್ಲೇ ನಿಲ್ಲಬೇಕು. ಬೆದರಿದ ಹಕ್ಕಿ ಒಳಗೆ ಹೋಗದೆ ಅರ್ಧ ಗಂಟೆ ಹೆಂಚಿನ ಮೇಲೆ ಕೂತುಬಿಡುತ್ತದೆ. ಒಂದು ಸಲ ಚರ್ಚಿನ ಗುರುಗಳೇ ಸಾಯುವವರಿಗೆ ಪ್ರಸಾದ ಒಯ್ಯುತ್ತಾ ಎರಡು ನಿಮಿಷ ನಿಂತಿದ್ದರು. ಯಾರೂ ಅದನ್ನು ತಪ್ಪೆನ್ನಲಿಲ್ಲ.

ಎರಡು ಮೂವತ್ತನಾಲ್ಕಕ್ಕೆ ಪಾದ್ರಿ ಬಂತು. ಸುತ್ತು ಹಾಕಲಿಲ್ಲ, ಕಲ್ಲೆಸೆದ ಹಾಗೆ ಬಂದು ನೇರ ಒಳಗೆ. ಓಡಿಲೋನ್ ಬಳೆ ಕಳಚಿ ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮಡಚಿದ.

"ಓಡು ಜುಲ್ಮಾ. ಓಡೇ!"

ಓಡಿದೆ. ಬೇಕರಿಯವಳು ಕಿಟಕಿಯಿಂದ "ಪಾದ್ರಿ ಬಂತಾ?" ಎಂದು ಕೂಗಿದ್ದಕ್ಕೂ ಉತ್ತರ ಕೊಡಲಿಲ್ಲ. ಪ್ರುಡೆಂಟನ ಗೇಟು ತೆರೆದೇ ಇತ್ತು. ಅವನು ಅಂಗಳದ ನಡುವೆ ನಿಂತಿದ್ದ. ಅವನ ಹಿಂದೆ ಅಡುಗೆಮನೆಯ ಬಾಗಿಲು, ಬಾಗಿಲೊಳಗೆ ಮೇಜು, ಮೇಜಿನ ಮೇಲೆ ಗಡಿಯಾರ. ನನಗೆ ಕಾಣುತ್ತಿತ್ತು. ಹದಿನಾಲ್ಕು ಹೆಜ್ಜೆ.

ಅವನು ನನ್ನ ಮುಖ ನೋಡಿದ, ಮುಷ್ಟಿ ನೋಡಿದ. ಕೈ ಎತ್ತಿದ.

ನಾನು ನಿಂತೆ.

"ಶ್... ಅಲ್ಲಾಡ್ಬೇಡ ತಾಯಿ," ಎಂದು ತುಟಿಯಲ್ಲೇ ಅಂದ. ಮಾಡಿನ ಅಂಚಿನಲ್ಲಿ ಕೆಂಚು ಬಣ್ಣದ ಹಕ್ಕಿಯೊಂದು ಕೂತಿತ್ತು. ಕಾಯುವಾಗ ನಾನು ನಮೋ ಮರಿಯ ಜಪ ಹೇಳಿಕೊಳ್ಳುತ್ತೇನೆ. ಒಂದಕ್ಕೆ ಹನ್ನೆರಡು ಸೆಕೆಂಡು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಐದಾಯಿತು. ಹಕ್ಕಿ ಗರಿ ತೀಡಿಕೊಂಡಿತು. ಹತ್ತಾಯಿತು. ಹಕ್ಕಿ ಎದ್ದು ಇತ್ತ ತಿರುಗಿ ಅಂಚಿನ ಉದ್ದಕ್ಕೂ ನಾಲ್ಕು ಹೆಜ್ಜೆ ನಡೆಯಿತು. ಒಂದು ಕಾಲಲ್ಲಿ ಹುಟ್ಟಿನ ತಗಡಿನ ಬಳೆ, ಇನ್ನೊಂದು ಕಾಲು ಬರಿದು. ನನ್ನ ಕಣ್ಣು ಅದನ್ನು ನೋಡಿತು, ಬುದ್ಧಿ ನೋಡಲಿಲ್ಲ. ಇಪ್ಪತ್ತನೇ ಜಪ ಮುಗಿದಾಗ ಪ್ರುಡೆಂಟ್ ಕೈ ಇಳಿಸಿ, "ಹಾಳಾಗ್ಹೋಗ್ಲಿ, ಅದು ಬರೋ ಹಂಗೆ ಕಾಣಲ್ಲ. ನೀನು ಹಾಕಮ್ಮ, ಹಾಕು," ಎಂದ. ಒಳ್ಳೆಯ ಮಾತಿನ ಹಾಗೆಯೇ ಕೇಳಿಸಿತು. ನಾನು ಅವನಿಗೆ ಥ್ಯಾಂಕ್ಸ್ ಕೂಡ ಹೇಳಿದೆ.

ಸಂಜೆ ಆರಕ್ಕೆ ಕಮೀಲನ ಅಂಗಡಿಯಲ್ಲಿ ಗಡಿಯಾರಗಳನ್ನು ತೆರೆದರು. ಎಲ್ಲರ ಮುಂದೆ ಮೊಹರು ಒಡೆದು, ಕಾಗದ ಎಳೆದು, ಕಮೀಲ್ ಗಟ್ಟಿಯಾಗಿ ಓದುವುದು ಪದ್ಧತಿ. ನಾನು ಗೋಡೆಯ ಪಕ್ಕ ನಿಂತಿದ್ದೆ, ಓಡಿಲೋನ್ ಮುಂದಿನ ಬೆಂಚಿನಲ್ಲಿ.

"ಪ್ರುಡೆಂಟ್, ಎರಡು ಮೂವತ್ತಾರು, ಸೊನ್ನೆ. ಓಡಿಲೋನ್, ಎರಡು ನಲವತ್ತು, ಐವತ್ತು. ಪ್ರುಡೆಂಟ್, ಎರಡು ಐವತ್ತೆರಡು, ಹದಿನೈದು."

ಕಮೀಲ್ ಅಲ್ಲಿಗೆ ನಿಲ್ಲಿಸಿ ಕನ್ನಡಕದ ಮೇಲಿನಿಂದ ಓಡಿಲೋನ್‌ನನ್ನು ನೋಡಿದ.

ನನಗೆ ಆಗ ಹೊಳೆಯಿತು. ನಾನು ಗೇಟಿಗೆ ಬರುವ ಅರ್ಧ ನಿಮಿಷ ಮೊದಲೇ ಪ್ರುಡೆಂಟನ ಹಕ್ಕಿ ಬಂದು, ಬಳೆ ಗಡಿಯಾರದೊಳಗೆ ಬಿದ್ದಾಗಿತ್ತು. ಎರಡನೆಯದು ಬಂದದ್ದು ಐವತ್ತೆರಡಕ್ಕೆ. ನಡುವೆ ಅವನದು ಯಾವುದೂ ಬಂದಿಲ್ಲ. ಹಾಗಾದರೆ ಮಾಡಿನ ಮೇಲೆ ಕೂತಿದ್ದು ಹಾರಾಟದ ಹಕ್ಕಿಯೇ ಅಲ್ಲ. ಹಾರಿ ಬಂದವನ್ನು ಕೆಳಗೆ ಕರೆಯಲೆಂದು ಎಲ್ಲರೂ ಬಿಡುತ್ತಾರಲ್ಲ, ಆ ಮನೆಯ ಹೆಣ್ಣು ಹಕ್ಕಿ. ಅವನು ಮೊದಲೇ ಯೋಚಿಸಿರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ. ನನ್ನನ್ನು ಕಂಡ, ಲೆಕ್ಕ ಹಾಕಿದ, ಕೈ ತಾನಾಗಿ ಮೇಲೆ ಹೋಯಿತು. ಆದರೆ ಇಪ್ಪತ್ತು ಜಪದವರೆಗೆ ಅದನ್ನು ಎತ್ತಿಯೇ ಇಟ್ಟುಕೊಂಡವನು ಅವನೇ.

ನಾನು ಬಾಯಿ ತೆರೆದೆ. "ಕಮೀಲಣ್ಣ, ನಾನು..."

ಓಡಿಲೋನ್ ಹಿಂದೆ ತಿರುಗಿದ. ಅವನಿಗೂ ಹೊಳೆದಿತ್ತು. ಅವನ ಮುಖ ಸುಣ್ಣವಾಗಿತ್ತು. ನನ್ನನ್ನು ನೋಡಿದ, ಆಮೇಲೆ ಜನರ ಕಡೆ ತಿರುಗಿ ನಕ್ಕ.

"ನನ್ನ ಹೆಂಡ್ತಿನ ನೋಡಿದೀರಲ್ಲ. ಈ ಮೈ ಹೊತ್ಕೊಂಡು ಬೀದಿ ಕೊನೆ ಮುಟ್ಟೋಕೆ ಆರು ನಿಮಿಷ ಬೇಕು. ಮುಂದಿನ ಸಲ ಅವಳ್ನ ಗೂಡಲ್ಲಿ ಕೂರ್ಸಿ ಪಾದ್ರೀನೇ ಓಡಿಸ್ತೀನಿ."

ಇಡೀ ಅಂಗಡಿ ನಕ್ಕಿತು. ಯಾರೋ ಮೇಜು ಕುಟ್ಟಿದರು. ಪ್ರುಡೆಂಟ್ ಮಾತ್ರ ನಗಲಿಲ್ಲ, ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಕಮೀಲ್ ಕಾಗದಕ್ಕೆ ಸಹಿ ಹಾಕಿದ. ಪ್ರುಡೆಂಟ್ ಮೊದಲು, ಓಡಿಲೋನ್ ಐದನೆಯವನು.

ಮನೆಗೆ ಬಂದು ಚಪ್ಪಲಿ ಬಿಟ್ಟು ಕೇಳಿದೆ.

"ನಾನು ಯಾವತ್ತಾದ್ರೂ ಎರಡು ನಿಮಿಷದ ಮೇಲೆ ತಗೊಂಡಿದೀನಾ?"

"ಇಲ್ಲ."

"ಅವನು ಕೈ ಎತ್ತಿದ."

"ಗೊತ್ತಾಯ್ತು."

"ಗೊತ್ತಾಗಿ ಹಂಗಂದ್ಯಾ?"

"ನಾನು ಬಾಯಿ ಬಿಟ್ರೆ ಅವನು ಹಕ್ಕಿ ತಗೋತಾನಾ? ಹತ್ತೊಂಬತ್ತು ಇವೆ ಕಣೇ. ಪಾದ್ರಿ ಇದಾನೆ. ಹಲಗೆ ಮೇಲೆ ಹೆಸರು ಹಾಕಿಸ್ಕೊಂಡು ಅವುಗಳ ಕತ್ತು ನಾನೇ ತಿರುಚ್ಲಾ?"

"ನನ್ನ ಹೆಸರು?"

"ಎರಡು ದಿನ ನಗ್ತಾರೆ. ಮರೀತಾರೆ."

ಎರಡು ದಿನಕ್ಕೆ ಮರೆಯಲಿಲ್ಲ. ಬೇಸಿಗೆಯೆಲ್ಲ ನಡೆಯಿತು. ಹಾಲಿನವನು "ಜುಲ್ಮಕ್ಕ, ಇವತ್ತೇ ಹೊರಟ್ರೆ ನಾಳೆ ಪೂಜೆಗೆ ಸರಿ ಹೋಗುತ್ತೆ" ಎನ್ನುತ್ತಿದ್ದ. ನಾನು ಪಾತ್ರೆ ಹಿಡಿದು ಹಾಲು ಅಳೆಸಿಕೊಳ್ಳುತ್ತಿದ್ದೆ. ಓಡಿಲೋನ್ ನನಗೆ ಮೊದಲೇ ಹೇಳಿ ಬೇಡಿಕೊಂಡಿದ್ದರೆ ಹತ್ತೊಂಬತ್ತು ಜೀವಕ್ಕಾಗಿ ನಾನೇ ಎದ್ದುನಿಂತು ತಡವಾಯಿತು ಎಂದು ಹೇಳುತ್ತಿದ್ದೆನೋ ಏನೋ. ಅವನು ಕೇಳಲಿಲ್ಲ. ಕೈಗೆ ಸಿಕ್ಕ ನನ್ನ ಹೆಸರನ್ನು ತೆತ್ತ.

ನವೆಂಬರ್ ಎರಡಕ್ಕೆ, ಸಂತರ ಹಬ್ಬದ ಮರುದಿನ, ಪ್ರುಡೆಂಟ್ ಗಾಡಿ ತಂದು ಬುಟ್ಟಿಗಳನ್ನು ಏರಿಸಿಕೊಂಡ. ಓಡಿಲೋನ್ ಒಂದೊಂದನ್ನೂ ಕೈಯಾರೆ ಎತ್ತಿ ಕೊಟ್ಟ. ಆಮೇಲೆ ಗೂಡು ತೊಳೆದು ಸುಣ್ಣ ಬಳಿದೆವು. ಎದೆ ಮಾತ್ರ ಸುಧಾರಿಸಲಿಲ್ಲ. ಡಾಕ್ಟರು ತಡವಾಯಿತು ಎಂದರು.

ಜನವರಿಯ ಎರಡನೇ ಶನಿವಾರ ಪ್ರುಡೆಂಟನ ಹೆಂಡತಿ ಇರ್ಮಾ ಬಟ್ಟೆ ಸುತ್ತಿದ ಪಾತ್ರೆ ಹಿಡಿದು ಬಂದಳು. ಕಪಟ ಅರಿಯದ ಹೆಂಗಸು.

"ಪಾರಿವಾಳದ ಸಾರು ಅಣ್ಣ. ಬಾಣಂತಿಗೂ ಎದೆ ಕೆಟ್ಟೋರ್ಗೂ ಇದಕ್ಕಿಂತ ಮದ್ದಿಲ್ಲ. ಬಿಸಿ ಇದ್ದಾಗ್ಲೇ ಕುಡಿ."

ಓಡಿಲೋನ್ ಎರಡು ಚಮಚ ಕುಡಿದ. "ಎಳೇದಲ್ಲ ಇದು," ಎಂದ.

"ಎಲ್ಲಿ ಎಳೇದು? ನಿನ್ನವೇ ಅಲ್ವಾ. ಮುದಿ ಹಕ್ಕಿ ಎರಡು ಗಂಟೆ ಬೇಯಿಸಿದ್ರೂ ಚಕ್ಕಳ."

ಚಮಚ ಪಾತ್ರೆಗೆ ವಾಪಸು ಹೋಯಿತು.

"ಎಷ್ಟು ಉಳಿಸ್ಕೊಂಡಿದಾನೆ?"

"ನಾಲ್ಕು. ಪಾದ್ರಿ, ಮತ್ತೆ ಮೂರು ಹೆಣ್ಣು. ಬಾಕಿಯವು ನವೆಂಬರಲ್ಲೇ ಹೋದ್ವು. ಎಲ್ಲಾ ಕೆಡದ ಹಂಗೆ ಸೀಸೆಗೆ ಹಾಕಿಟ್ಟಿದೀನಿ, ಬೇಕಾದಾಗ ಕೇಳು." ಅವಳು ಅವನನ್ನೂ ನನ್ನನ್ನೂ ನೋಡಿದಳು. "ಹೇಳಿಲ್ವಾ ಅವನು? ಹೇಳಿದಾನೆ ಅಂದ್ಕೊಂಡಿದ್ದೆ."

ಅವಳು ಹೋದ ಮೇಲೆ ಓಡಿಲೋನ್ ಗೋಡೆಗೆ ಮುಖ ಮಾಡಿ ಮಲಗಿದ. ಸಂಜೆಯ ಹೊತ್ತಿಗೆ, "ನಾಳೆ ಬಹುಮಾನದ ದಿನ. ಕಮೀಲನ ಅಂಗಡೀಲಿ ಎಲ್ಲ ಸೇರ್ತಾರೆ. ಹೋಗಿ ಹೇಳ್ಬಿಡು ಜುಲ್ಮಾ. ನೀನು ತಡ ಮಾಡ್ಲಿಲ್ಲ ಅಂತ ಹೇಳು," ಎಂದ.

"ಹೇಳಿದೋನು ನೀನು. ನೀನೇ ಹೋಗಿ ವಾಪಸ್ ತಗೋ."

ಹೋದ. ಅದನ್ನು ಅವನ ಲೆಕ್ಕಕ್ಕೆ ಬರೆಯಬೇಕು. ಬೀದಿಯಲ್ಲಿ ಆರು ಕಡೆ ನಿಂತು ಉಸಿರು ತೆಗೆದುಕೊಂಡ, ನಾನು ಪಕ್ಕದಲ್ಲಿ ನಡೆದೆ, ತೋಳು ಕೊಡಲಿಲ್ಲ. ಒಳಗೆ ಕ್ಲಬ್ಬಿನ ಉಳಿದ ಇಪ್ಪತ್ತೆರಡು ಜನವೂ ಇದ್ದರು. ಲಿಮೋಜಿನ ಬೆಳ್ಳಿ ಬಟ್ಟಲು ಪ್ರುಡೆಂಟನ ಮುಂದಿತ್ತು. ಗಲ್ಲಾದ ಮೇಲಿನ ಹಲಗೆಯಲ್ಲಿ ಅವನ ಹೆಸರು ಆಗಲೇ ಕೆತ್ತಿಯಾಗಿತ್ತು. ಹೊಸ ಕೆತ್ತನೆ, ಮರದ ಬಿಳಿ ಕಾಣುತ್ತಿತ್ತು.

ಓಡಿಲೋನ್ ಬಾಗಿಲ ಬಳಿಯೇ ನಿಂತು, ಉಸಿರು ಬಂದಷ್ಟು ಬಂದಷ್ಟು ಹೇಳಿದ.

"ನನ್ನ ಹೆಂಡ್ತಿ ತಡ ಮಾಡ್ಲಿಲ್ಲ. ನಾಲ್ಕು ನಿಮಿಷ ಪ್ರುಡೆಂಟನ ಗೇಟಲ್ಲಿ ನಿಂತಿದ್ಲು. ಅವನು ಕೈ ಎತ್ತಿದ್ದ. ಹಾರಾಟದ ಹಕ್ಕಿ ಇರ್ಲಿಲ್ಲ."

ಪ್ರುಡೆಂಟ್ ಎದ್ದ. "ಹಕ್ಕಿ ಇತ್ತು ಕಣಯ್ಯ ಮಾಡಿನ ಮೇಲೆ. ಇರ್ಲಿಲ್ಲ ಅಂತ ಯಾರಾದ್ರೂ ಹೇಳ್ಲಿ. ಬಾ, ಕೂತ್ಕೋ, ಒಂದು ಲೋಟ ಕುಡಿ."

"ನನ್ನ ಹಕ್ಕಿ ಎಲ್ಲಿ ಪ್ರುಡೆಂಟ್?"

ಅವನು ಮತ್ತೆ ಕೂತ, ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಕಮೀಲ್ ಗಲ್ಲಾ ಒರೆಸುವುದನ್ನು ನಿಲ್ಲಿಸಿದ.

"ಓಡಿಲೋನ್, ಪಾದ್ರಿ ಇಳಿದಿದ್ದನ್ನ ಅರ್ಧ ಬೀದಿ ನೋಡಿದೆ. ನಿನ್ನ ಹೆಂಡ್ತಿ ಗೇಟಲ್ಲಿ ಕಂಬದ ಹಂಗೆ ನಿಂತಿದ್ದನ್ನ ಬೇಕರಿಯವಳು ನೋಡಿ ಅವತ್ತೇ ಬಂದು ಹೇಳಿದ್ಲು. ಸಮಯ ಓದಿದಾಗ ಎಲ್ರಿಗೂ ಗೊತ್ತಾಯ್ತು. ನಾನು ಓದೋದು ನಿಲ್ಸಿ ನಿನ್ನ ಮುಖ ನೋಡಿದೆ. ಯಾಕೆ ನೋಡಿದೆ? ಸಹಿ ಬೀಳೋಕೆ ಮುಂಚೆ ಆಕ್ಷೇಪ ಅನ್ಬೇಕಾದೋನು ಹಕ್ಕಿ ಯಜಮಾನ, ಬೇರೆ ಯಾರೂ ಅಲ್ಲ. ಒಂದು ಮಾತು ಅಂದಿದ್ರೆ ಹಲಗೆ ಮೇಲೆ ನಿನ್ನ ಹೆಸರು ಇರ್ತಿತ್ತು. ನೀನು ನಗಾಡ್ದೆ. ನಾವೂ ನಕ್ವಿ."

ನಾನು ಒಬ್ಬೊಬ್ಬರ ಮುಖ ನೋಡುತ್ತಾ ಹೋದೆ. ಹಾಲಿನವನೂ ಅಲ್ಲಿದ್ದ. ಗೊತ್ತಿದ್ದೇ ನಕ್ಕಿದ್ದರು. ಆರು ತಿಂಗಳು, ಗೊತ್ತಿದ್ದೇ. ಒಬ್ಬನೂ ಲೋಟದಿಂದ ಕಣ್ಣೆತ್ತಲಿಲ್ಲ.

"ಈಗ ಹಾಕ್ತೀನಿ ಆಕ್ಷೇಪ," ಎಂದ ಓಡಿಲೋನ್.

"ಈಗ ಕಾಗದ ಇಲ್ಲ ಮಾರಾಯ. ಸೀಸನ್ ಮುಗಿದ್ಮೇಲೆ ಸುಟ್ಟಾಯ್ತು."

ಹೊರಗೆ ಬಂದೆವು. ಬೇಕರಿಯ ಹತ್ತಿರ ಅವನ ಕಾಲು ಸೋತಿತು, ಆಗ ತೋಳು ಕೊಟ್ಟೆ, ಬೀಳಲು ಬಿಡಲಾಗುತ್ತದೆಯೇ. ಗೋಡೆಗೆ ಒರಗಿ ಉಸಿರು ಹಿಡಿದುಕೊಂಡು ಕೇಳಿದ.

"ಮೊದಲು ಬರ್ತಿತ್ತಲ್ವಾ? ನೀನು ಲೆಕ್ಕ ಹಾಕಿರ್ತೀಯ."

ಹಾಕಿದ್ದೆ. ಆ ರಾತ್ರಿಯೇ ಹಾಕಿದ್ದೆ. ನಿಲ್ಲದೆ ಓಡಿದ್ದರೆ ಪಾದ್ರಿಯ ಹಾರಾಟ ಎಂಟು ಗಂಟೆ ನಾಲ್ಕು ನಿಮಿಷ ನಲವತ್ತು ಸೆಕೆಂಡು. ನಿಮಿಷಕ್ಕೆ ಸಾವಿರದ ಇನ್ನೂರ ನಲವತ್ತೈದು ಮೀಟರಿಗೂ ಮೇಲೆ. ಪ್ರುಡೆಂಟನದು ಸಾವಿರದ ಇನ್ನೂರ ನಲವತ್ತಮೂರು.

"ಬರ್ತಿತ್ತು," ಎಂದೆ. "ಒಂದು ನಿಮಿಷ ಆರು ಸೆಕೆಂಡು ಮುಂದೆ."

"ಒಂದು ನಿಮಿಷ ಆರು ಸೆಕೆಂಡು," ಎಂದು ಅವನು ಹೇಳಿಕೊಂಡ. ಮುಖದಲ್ಲಿ ಸ್ವಲ್ಪ ಬಣ್ಣ ಬಂತು. ಮನೆ ತಲುಪುವ ತನಕ ಅದನ್ನೇ ಇನ್ನೆರಡು ಸಲ ಹೇಳಿದ. ನನ್ನ ವಿಷಯಕ್ಕೂ ಒಂದು ಮಾತು ಹೇಳುತ್ತಾನೇನೋ ಎಂದು ಬಾಗಿಲ ಬೀಗ ತೆಗೆಯುವಾಗ ಸ್ವಲ್ಪ ನಿಧಾನ ಮಾಡಿದೆ. ಹೇಳಲಿಲ್ಲ. ಮಾರ್ಚ್ ಹತ್ತೊಂಬತ್ತಕ್ಕೆ ತೀರಿಕೊಂಡ, ಅಲ್ಲಿಯವರೆಗೂ ಹೇಳಲಿಲ್ಲ.